ಮಳೆಗಾಲದ ಸಸಿಗೆ ಎಲ್‌ಇಡಿ ಬೆಳಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದೇ ಇಲ್ಲ. ಜಗಲಿ ಕಿಟಕಿಯ ಪಕ್ಕ ಇಟ್ಟ ಮೆಣಸಿನಕಾಯಿ, ಬದನೆ ಸಸಿಗಳು ಉದ್ದಕ್ಕೆ ಎದ್ದು ಬಾಗಿ ಬೀಳುತ್ತಿವೆ. ಆನ್‌ಲೈನ್‌ನಲ್ಲಿ ಸಿಗುವ ‘1000 ವ್ಯಾಟ್’ ನೇರಳೆ ದೀಪ ತರಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಅಗ್ಗದ ದೀಪಗಳ ಡಬ್ಬದ ಮೇಲಿನ 1000 ವ್ಯಾಟ್ ಬಹುಪಾಲು ಹೆಸರಿಗಷ್ಟೇ. ನಿಜವಾಗಿ ಎಳೆಯುವ ಕರೆಂಟ್ ಎಷ್ಟೆಂದು ಸಣ್ಣ ಅಕ್ಷರದಲ್ಲಿ ಬೇರೆ ಇರುತ್ತದೆ, ಅದನ್ನು ಓದಿ. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದಾಗಲೀ ಚುಕ್ಕೆ ಬಿದ್ದದ್ದಾಗಲೀ ಕಣ್ಣಿಗೆ ಕಾಣುವುದಿಲ್ಲ. ಗಿಡಕ್ಕೆ ಬೇಕಾದ ನೀಲಿ, ಕೆಂಪು ಎರಡೂ ಬಿಳಿ ಎಲ್‌ಇಡಿಯಲ್ಲೇ ಇವೆ.

ನಾಲ್ಕಡಿ ಉದ್ದ, ಒಂದಡಿ ಅಗಲದ ಹಲಗೆ ಸಾಕು. 98 ಗುಳಿಯ ಸಸಿ ಟ್ರೇ ಎರಡು ಅದರಲ್ಲಿ ಕೂರುತ್ತವೆ. ಮೇಲೆ 20 ವ್ಯಾಟ್‌ನ, ಸುಮಾರು 2000 ಲ್ಯೂಮೆನ್ (ದೀಪ ಕೊಡುವ ಬೆಳಕಿನ ಅಳತೆ) ಕೊಡುವ, 6500 ಕೆಲ್ವಿನ್‌ನ, ಅಂದರೆ ತಣ್ಣನೆ ಬಿಳಿ ಬಣ್ಣದ ಎಲ್‌ಇಡಿ ಟ್ಯೂಬ್ ಮೂರನ್ನು ನಾಲ್ಕು ನಾಲ್ಕು ಇಂಚು ಬಿಟ್ಟು ಕಟ್ಟಿ. ಎಲೆ ತುದಿಯಿಂದ ಟ್ಯೂಬಿಗೆ ಆರರಿಂದ ಎಂಟು ಇಂಚು ಇರಲಿ. ಎಲ್ಲರೂ ತಪ್ಪುವುದು ಇಲ್ಲೇ: ದೀಪವನ್ನು ಎರಡಡಿ ಮೇಲೆ ತೂಗಿಬಿಟ್ಟರೆ ಬೆಳಕಿನ ಬಹುಪಾಲು ಗೋಡೆಗೆ, ನೆಲಕ್ಕೆ ಹೋಗುತ್ತದೆ. ಸಸಿ ಬೆಳೆದಂತೆ ಏರಿಸಲು ಸಣ್ಣ ಸರಪಳಿ ಹಾಕಿ, ಮೂರು ಬದಿಗೆ ಬಿಳಿ ಬಣ್ಣ ಬಳಿದ ರಟ್ಟು ನಿಲ್ಲಿಸಿ.

ಕಣ್ಣಿನ ಅಂದಾಜು ನಂಬಬೇಡಿ. ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ನೆತ್ತಿಯ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸು. ಮಳೆಗಾಲದ ಮಧ್ಯಾಹ್ನ ಜಗಲಿಯೊಳಗೆ ಕೆಲವು ನೂರು ಸಿಕ್ಕಿದರೆ ಹೆಚ್ಚು. ಲಕ್ಸ್ ಅಳೆಯುವ ಆಪ್ ಹಾಕಿಕೊಂಡು, ಮೊಬೈಲನ್ನು ಎಲೆಯ ಮಟ್ಟದಲ್ಲಿ ಪರದೆ ಮೇಲಾಗಿ ಹಿಡಿಯಿರಿ. ಅಳತೆ ತೀರಾ ಕರಾರುವಾಕ್ಕಲ್ಲ, ಆದರೂ 10,000ದ ಹತ್ತಿರ ಬಂದರೆ ಆಯಿತು. ದಿನಕ್ಕೆ 16 ಗಂಟೆ ಉರಿಸಿ, ಉಳಿದ ಹೊತ್ತು ಕತ್ತಲೆ ಕೊಡಿ. ಎಲೆಯಂಚು ಮೇಲಕ್ಕೆ ಮಡಚಿ ಬಿಳಿಚಿದರೆ ಎರಡಿಂಚು ಏರಿಸಿ.

ಸಸಿಯ ಬುಡ ನೀರು ಹಿಡಿದು ಕಪ್ಪಾಗಿ ಮುರಿದಿದ್ದರೆ ಅದು ಕೊಳೆರೋಗ, ದೀಪದಿಂದ ಗುಣವಾಗದು. ಟ್ರೇಗೆ ತುಂಬಿದ ತೆಂಗಿನ ನಾರಿನ ಪುಡಿಯನ್ನು ಹಿಂಡಿದಾಗ ನೀರು ತೊಟ್ಟಿಕ್ಕಬಾರದು. ಸಣ್ಣ ಫ್ಯಾನ್ ಒಂದನ್ನು ಎಲೆ ಅಲುಗುವಷ್ಟೇ ಓಡಿಸಿ. ಹೊರಗೆ ನೆಡುವ ಮುಂಚೆ ಒಂದು ವಾರ ನೀರು ತಗ್ಗಿಸಿ, ಸೂರಿನಡಿ ಇಟ್ಟು ಹೊರಗಿನ ಗಾಳಿಗೆ ಒಗ್ಗಿಸಿ.

ಪ್ರಶ್ನೆ: ಕರೆಂಟ್ ಖರ್ಚು ಎಷ್ಟು? ನಮ್ಮಲ್ಲಿ ಗಾಳಿಮಳೆಗೆ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ, ಟೈಮರ್ ಹಾಕಿದರೂ ದೀಪ ಅಡ್ಡಾದಿಡ್ಡಿ ಹೊತ್ತಿಗೆ ಉರಿಯುತ್ತಿದೆ.
– ಓದುಗರು, ಹೊಸನಗರ

ಉತ್ತರ: ಮೂರು ಟ್ಯೂಬ್ ಸೇರಿ 60 ವ್ಯಾಟ್, 16 ಗಂಟೆ ಎಂದರೆ ದಿನಕ್ಕೆ 0.96 ಯೂನಿಟ್, ತಿಂಗಳಿಗೆ 29ರ ಹತ್ತಿರ. ಗೃಹಜ್ಯೋತಿ ಫಲಾನುಭವಿಗಳು ಮೊದಲು ಹಳೆಯ ಮೆಸ್ಕಾಂ ಬಿಲ್ ತೆಗೆದು ನೋಡಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ನಿಮ್ಮದು ಮುಳ್ಳು ತಿರುಗಿಸುವ ಟೈಮರ್ ಇರಬೇಕು. ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ, ಮೂರು ಗಂಟೆ ಹೋದರೆ ಮೂರು ಗಂಟೆ ಹಿಂದೆ ಬೀಳುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ. ಒಂದು ದಿನ ಬೆಳಕು ತಪ್ಪಿದರೆ ಸಸಿ ಸಾಯುವುದಿಲ್ಲ, ಇನ್ವರ್ಟರ್ ಬ್ಯಾಟರಿ ಬಸಿಯಬೇಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ: ಸಿಡಿಲಿನಿಂದ ವೋಲ್ಟೇಜ್ ಒಮ್ಮೆಲೇ ಏರಿದಾಗ ಮೊದಲು ಸುಡುವುದು ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟನ್ನು ಹದ ಮಾಡಿ ಕೊಡುವ ಭಾಗ. ಸ್ವಿಚ್ ಬೋರ್ಡ್ ಟ್ರೇಗಿಂತ ಎತ್ತರದಲ್ಲಿರಲಿ, ಆ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ನೀರು ಚಿಮುಕಿಸುವ ಕೈಯಲ್ಲೇ ಸ್ವಿಚ್ ಮುಟ್ಟುವ ಜಾಗವಿದು, ಇದರಲ್ಲಿ ಉಳಿತಾಯ ನೋಡಬೇಡಿ.

ಪ್ರಶ್ನೆ: ಜಗಲಿಯ ಕುಂಡದಲ್ಲಿರುವ ಸೇವಂತಿಗೆ ದಟ್ಟವಾಗಿ ಬೆಳೆದಿದೆ, ಮೊಗ್ಗೇ ಇಲ್ಲ. ಇದಕ್ಕೂ ದೀಪ ಹಾಕಬೇಕೇ?
– ಓದುಗರು, ಸಾಗರ

ಉತ್ತರ: ಇರುವ ದೀಪ ಆರಿಸಿ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ರಾತ್ರಿಯಿಡೀ ಉರಿಯುವ ಜಗಲಿಯ ಬಲ್ಬು ಅದಕ್ಕೆ ಹಗಲಿನ ಲೆಕ್ಕ. ಸಂಜೆ ಆರರಿಂದ ಬೆಳಗ್ಗೆ ಏಳರವರೆಗೆ ಕತ್ತಲೆ ಸಿಗುವ ಕಡೆ ಇಡಿ, ಹಗಲು ಬೆಳಕಿಗೆ ತನ್ನಿ. ಮೊಗ್ಗು ಕಾಣಿಸಿಕೊಳ್ಳಲು ಕೆಲವು ವಾರ ಬೇಕು, ನಡುವೆ ತುದಿ ಚಿವುಟಬೇಡಿ.