ಮೊದಲು ಒಡೆದದ್ದು ಬ್ಯಾಂಡ್, ಸಾವು ಬಂದದ್ದು ಆಮೇಲೆ

ಪ್ರಿಯ ಲೇಖಕರೇ,

ಜಪಾನಿನ ರಾಕ್ ಬ್ಯಾಂಡ್ ಎಕ್ಸ್ ಜಪಾನ್‌ನ ಏಳುಬೀಳಿನ ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ‘ವಿಷಾದದೊಂದಿಗೆ ಹಿಂದಿರುಗಿಸಿದೆ’ ಎಂಬ ಒಂದು ಸಾಲು ಬರೆದು ಮುಗಿಸಲೂ ಮನಸ್ಸಾಗಲಿಲ್ಲ. ಆ ಸಂಗೀತವನ್ನು ನೀವು ಬಹಳ ಪ್ರೀತಿಯಿಂದ ಕೇಳಿದ್ದೀರಿ. ‘ಆರ್ಟ್ ಆಫ್ ಲೈಫ್’ ಹಾಡಿನ ನಡುವೆ ಪಿಯಾನೊ ಒಂಟಿಯಾಗಿ ಉಳಿದು, ತನ್ನನ್ನು ತಾನೇ ಹರಿದುಕೊಳ್ಳುವಂತೆ ನುಡಿಯುವ ಭಾಗವನ್ನು ಕುರಿತ ನಿಮ್ಮ ಪ್ಯಾರಾ ನಿಜಕ್ಕೂ ಚೆನ್ನಾಗಿದೆ. ಅಷ್ಟು ಬರೆಯಬಲ್ಲವರು ಉಳಿದದ್ದನ್ನೂ ಬರೆಯಬಲ್ಲರು. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಿಮ್ಮ ಲೇಖನದ ಬೆನ್ನೆಲುಬೇ ತಪ್ಪಾಗಿದೆ. ‘ಹಿದೆಯವರ ಸಾವಿನ ಆಘಾತವನ್ನು ತಾಳಲಾರದೆ ಬ್ಯಾಂಡ್ ಒಡೆಯಿತು’ ಎಂದು ಬರೆದು, ಇಡೀ ಕಥನವನ್ನು ಆ ಗಿಟಾರ್ ವಾದಕರ ಸಾವಿನ ಕಡೆಗೆ ಹರಿಸಿದ್ದೀರಿ. ಕಾಲಕ್ರಮ ನೋಡಿ. ಬ್ಯಾಂಡ್ ವಿಸರ್ಜನೆಯಾಗುತ್ತಿದೆ ಎಂದು ಡ್ರಮ್ಸ್ ಮತ್ತು ಪಿಯಾನೊ ನುಡಿಸುವ ಯೋಶಿಕಿ, ಗಿಟಾರ್ ವಾದಕರಾದ ಹಿದೆ ಮತ್ತು ಪಾತಾ, ಬೇಸ್ ವಾದಕ ಹೀತ್ ಪತ್ರಿಕಾಗೋಷ್ಠಿಯಲ್ಲಿ ಪ್ರಕಟಿಸಿದ್ದು 1997ರ ಸೆಪ್ಟೆಂಬರ್ 22ರಂದು. ಆ ಗೋಷ್ಠಿಗೆ ಗಾಯಕ ತೋಶಿ ಬಂದಿರಲಿಲ್ಲ. ಅವರು ಹೊರಹೋಗಲು ನಿರ್ಧರಿಸಿದ್ದರಿಂದಲೇ ಅದು ನಡೆದದ್ದು. ಕೊನೆಯ ಕಛೇರಿ ಅದೇ ವರ್ಷದ ಡಿಸೆಂಬರ್ 31ರಂದು, ಟೋಕಿಯೊ ಡೋಮ್‌ನಲ್ಲಿ. ಹಿದೆ ತೀರಿಕೊಂಡದ್ದು 1998ರ ಮೇ 2ರಂದು, ತಮ್ಮ 33ನೇ ವಯಸ್ಸಿನಲ್ಲಿ. ಸಾವು ಬ್ಯಾಂಡನ್ನು ಒಡೆಯಲಿಲ್ಲ. ಒಡೆದದ್ದು ಕೂಡಿಕೊಳ್ಳಬಹುದೆಂಬ ಆಸೆಯನ್ನು ಅದು ಬಹುಕಾಲ ಅಳಿಸಿಹಾಕಿತು. ಇವೆರಡೂ ಬೇರೆ ಬೇರೆ ಕಥೆಗಳು. ನಿಮ್ಮ ಓದುಗರಲ್ಲಿ ಹೆಚ್ಚಿನವರು ಈ ಹೆಸರುಗಳನ್ನು ಮೊದಲ ಬಾರಿ ಕೇಳುತ್ತಿರುತ್ತಾರೆ. ನೀವು ಕೊಟ್ಟ ಕಾರಣವನ್ನೇ ನಂಬುತ್ತಾರೆ.

ಹಾಗಾದರೆ ಬ್ಯಾಂಡ್ ಏಕೆ ಒಡೆಯಿತು? ಇದಕ್ಕೆ ಉತ್ತರ ಬೇಕಾದರೆ ನೀವು ಒಂದೇ ಸಾಲಿನಲ್ಲಿ ದಾಟಿಹೋದ ಊರಿಗೆ ಹಿಂದಿರುಗಬೇಕು. ಚಿಬಾ ಪ್ರಾಂತ್ಯದ ಕಡಲ ತೀರದಲ್ಲಿ ತತೆಯಾಮಾ ಇದೆ. ಯೋಶಿಕಿ ಮತ್ತು ತೋಶಿ ಅಲ್ಲಿನ ಶಿಶುವಿಹಾರದಲ್ಲೇ ಗೆಳೆಯರಾದವರು. ಯೋಶಿಕಿ ನಾಲ್ಕನೇ ವಯಸ್ಸಿಗೆ ಪಿಯಾನೊ ಕಲಿಯತೊಡಗಿದರು; ಹತ್ತನೇ ವಯಸ್ಸಿನಲ್ಲಿ ತಂದೆ ಆತ್ಮಹತ್ಯೆ ಮಾಡಿಕೊಂಡರು. ಆಮೇಲೆ ಹುಡುಗನ ಕೈಗೆ ಡ್ರಮ್ಸ್ ಬಂತು, ಕಿವಿಗೆ ಅಮೆರಿಕದ ರಾಕ್ ಬ್ಯಾಂಡ್ ಕಿಸ್ ಬಂತು. ಪ್ರೌಢಶಾಲೆಯ ದಿನಗಳಲ್ಲಿ, 1982ರಲ್ಲಿ, ಗೆಳೆಯರಿಬ್ಬರೂ ಸೇರಿ ಎಕ್ಸ್ ಕಟ್ಟಿದರು; ಬ್ಯಾಂಡಿನ ಮೊದಲ ಹೆಸರು ಅಷ್ಟೇ. ಆ ಬ್ಯಾಂಡ್ ನಿಂತದ್ದೇ ಈ ಇಬ್ಬರ ನಡುವಿನ ಏರ್ಪಾಡಿನ ಮೇಲೆ: ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಅದಕ್ಕೆ ದನಿಯಾಗುತ್ತಾರೆ. ಯೋಶಿಕಿ ಹಾಡುಗಾರರಲ್ಲ. ಅವರ ಒಳಗಿನ ದುಃಖವೆಲ್ಲ ಹೊರಬರಬೇಕಾಗಿದ್ದದ್ದು ತೋಶಿಯವರ ಗಂಟಲಿನಿಂದ, ಅದೂ ತಾರಸ್ಥಾಯಿಯ ತುತ್ತತುದಿಯಲ್ಲಿ. ಹದಿನೈದು ವರ್ಷ ಇನ್ನೊಬ್ಬರ ನೋವನ್ನು ಹಾಡುತ್ತ ಬಂದವರ ಪಾಡೇನು ಎಂದು ನಿಮ್ಮ ಲೇಖನ ಒಮ್ಮೆಯೂ ಕೇಳಿಲ್ಲ. ನನಗೆ ಇದೇ ಈ ವಿಷಯದ ಜೀವಾಳ ಅನ್ನಿಸುತ್ತದೆ.

ಏಳಿಗೆಯ ಭಾಗದಲ್ಲಿ ನೀವು ಆಲ್ಬಮ್‌ಗಳ ಹೆಸರುಗಳನ್ನು ಸಾಲಾಗಿ ಪೇರಿಸಿದ್ದೀರಿ. ಆ ಹೆಸರುಗಳ ಹಿಂದೆ ಏನಿತ್ತೆಂಬುದು ಓದುಗರಿಗೆ ಕಾಣಬೇಕು. ಯಾವ ಕಂಪನಿಯ ಕೈಕಾಯುವ ಗೋಜೂ ಬೇಡವೆಂದು ಯೋಶಿಕಿ 1986ರಲ್ಲಿ ತಾಯಿಯ ಹಣದ ಬೆಂಬಲದಿಂದ ಎಕ್ಸ್‌ಟಸಿ ರೆಕಾರ್ಡ್ಸ್ ಆರಂಭಿಸಿದರು. ಬ್ಯಾಂಡಿನ ಮೊದಲ ಆಲ್ಬಮ್ 1988ರಲ್ಲಿ ಅದರಿಂದಲೇ ಹೊರಬಂತು. ಅದಕ್ಕೂ ಮುಂಚೆ ಇವರು ಜಪಾನಿನ ಹಾಸ್ಯನಟ ತಕೇಶಿ ಕಿತಾನೊ ಅವರ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿದ್ದರು. ಊಟದ ಹೋಟೆಲಿನ ಮೇಜುಗಳ ನಡುವೆ ನಿಂತು ಹೆವಿ ಮೆಟಲ್ ಬಾರಿಸಿದ್ದರು. ಗಂಭೀರ ಮೆಟಲ್ ವಲಯ ಇವರನ್ನು ಹೀನಾಯವಾಗಿ ಕಂಡಿತು. ಬೈಸಿಕೊಂಡರೂ ಸರಿ, ಜನ ನಮ್ಮನ್ನು ನೋಡಬೇಕು ಎಂಬ ಆ ಹಟವನ್ನು ಬಿಟ್ಟು ಇವರ ಏಳಿಗೆಯನ್ನು ವಿವರಿಸಲು ಸಾಧ್ಯವಿಲ್ಲ. ಈ ಪ್ರಸಂಗ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಇನ್ನು ವೇಷದ ಮಾತು. ಅವರ ಕೂದಲು, ಕಾಡಿಗೆ, ಲೇಸುಗಳನ್ನು ನಮ್ಮ ಯಕ್ಷಗಾನದ ಬಣ್ಣದ ವೇಷಕ್ಕೆ ಹೋಲಿಸಿದ್ದೀರಿ. ದಯವಿಟ್ಟು ತೆಗೆದುಹಾಕಿ. ಓದುಗರಿಗೆ ಹತ್ತಿರ ತರುವ ಉದ್ದೇಶ ಅರ್ಥವಾಗುತ್ತದೆ, ಆದರೆ ಆ ಎರಡಕ್ಕೂ ಸಂಬಂಧವಿಲ್ಲ. ಬಣ್ಣದ ವೇಷದ ಹಿಂದೆ ಪರಂಪರೆ ಗೊತ್ತುಮಾಡಿದ ಪಾತ್ರವಿದೆ. ಇವರು ತೊಟ್ಟದ್ದು ಯಾವ ಪಾತ್ರವನ್ನೂ ಅಲ್ಲ, ತಮ್ಮನ್ನೇ ಹಿಗ್ಗಿಸಿ ತೋರಿಸಿದರು. ಇದನ್ನು ಹೇಳಲು ಹೋಲಿಕೆಗಿಂತ ವಿವರ ಒಳ್ಳೆಯದು. 1987ರಲ್ಲಿ ಬ್ಯಾಂಡ್ ಸೇರಿದ ಗಿಟಾರ್ ವಾದಕ ಹಿದೆ ಕೇಶಾಲಂಕಾರ ಕಲಿತು ಪರವಾನಗಿ ಪಡೆದವರು. ಆ ಗುಲಾಬಿ ಕೂದಲು ಗೊತ್ತಿಲ್ಲದವನ ಚೇಷ್ಟೆಯಲ್ಲ, ಕಸುಬು ಬಲ್ಲವನ ಕೆಲಸ. 1989ರ ‘ಬ್ಲೂ ಬ್ಲಡ್’ ಆಲ್ಬಮ್‌ನ ಹೊದಿಕೆಯ ಮೇಲೆ ‘ಸೈಕೆಡೆಲಿಕ್ ವಯಲೆನ್ಸ್ ಕ್ರೈಮ್ ಆಫ್ ವಿಷುವಲ್ ಷಾಕ್’ ಎಂಬ ಘೋಷಣೆ ಇತ್ತು. ಭಾರೀ ವೇಷಭೂಷಣ, ಪ್ರಸಾಧನಗಳ ಜಪಾನೀ ರಾಕ್ ಶೈಲಿಗೆ ವಿಷುವಲ್ ಕೇ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಷ್ಟು ಹೇಳಿದರೆ ‘ವಿಚಿತ್ರ’, ‘ವಿಲಕ್ಷಣ’ ಎಂಬ ನಿಮ್ಮ ವಿಶೇಷಣಗಳು ತಾವೇ ಉದುರಿಹೋಗುತ್ತವೆ.

ಬಿರುಕು ಎಲ್ಲಿ ಆರಂಭವಾಯಿತು ಎಂಬುದನ್ನು ಕೊನೆಯ ವರ್ಷದಲ್ಲಿ ಹುಡುಕಬೇಡಿ. ಯಶಸ್ಸಿನ ನಡುವೆಯೇ ಹುಡುಕಿ. 1989ರ ನವೆಂಬರ್‌ನಲ್ಲಿ ಯೋಶಿಕಿ ಟೋಕಿಯೊದ ಶಿಬುಯಾ ಸಭಾಂಗಣದ ಕಛೇರಿಯಲ್ಲಿ ಕುಸಿದುಬಿದ್ದು ಪ್ರವಾಸವೇ ನಿಂತಿತು. ಆ ವೇಗದಲ್ಲಿ ಡ್ರಮ್ಸ್ ಬಾರಿಸಿದ್ದಕ್ಕೆ ಅವರ ಕುತ್ತಿಗೆ ಇಂದಿಗೂ ಬೆಲೆ ತೆರುತ್ತಿದೆ. 1991ರ ‘ಜೆಲಸಿ’ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮರುವರ್ಷ ಜನವರಿಯಲ್ಲಿ ಟೋಕಿಯೊ ಡೋಮ್‌ನಲ್ಲಿ ಸತತ ಮೂರು ರಾತ್ರಿ ನುಡಿಸಿದರು; ಅದು ಮುಗಿದ ಬೆನ್ನಲ್ಲೇ ಬೇಸ್ ವಾದಕ ತೈಜಿ ಹೊರಬಿದ್ದರು. ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್‌ನಲ್ಲಿ ಪತ್ರಿಕಾಗೋಷ್ಠಿ ನಡೆಸಿ ಅಮೆರಿಕಕ್ಕೆ ಕಾಲಿಡುವುದಾಗಿ ಸಾರಿದರು. ಅಲ್ಲಿ ಎಕ್ಸ್ ಹೆಸರಿನ ಪಂಕ್ ಬ್ಯಾಂಡ್ ಆಗಲೇ ಇದ್ದುದರಿಂದ ಎಕ್ಸ್ ಜಪಾನ್ ಆದರು. ಅಮೆರಿಕಕ್ಕಾಗಿ ಮಾಡಬೇಕಾಗಿದ್ದ ಇಂಗ್ಲಿಷ್ ಆಲ್ಬಮ್ ಆ ದಶಕದಲ್ಲಿ ಹೊರಬರಲೇ ಇಲ್ಲ.

ಇಲ್ಲಿ ನಿಲ್ಲಿ, ಅವಸರ ಬೇಡ. 1993ರಲ್ಲಿ ಬಂದ ‘ಆರ್ಟ್ ಆಫ್ ಲೈಫ್’ 29 ನಿಮಿಷದ ಒಂದೇ ಹಾಡು. ಮುಂದಿನ ಆಲ್ಬಮ್ ‘ಡಾಲಿಯಾ’ಗೆ ಕೇಳುಗರು 1996ರ ನವೆಂಬರ್‌ವರೆಗೆ ಕಾಯಬೇಕಾಯಿತು, ಬಂದಾಗ ಅದರಲ್ಲಿದ್ದ ಹೆಚ್ಚಿನ ಹಾಡುಗಳು ಆಗಲೇ ಬಿಡಿಬಿಡಿಯಾಗಿ ಬಿಡುಗಡೆಯಾಗಿದ್ದವು. ಪರಿಪೂರ್ಣತೆಯ ಹಂಬಲ ಬ್ಯಾಂಡನ್ನು ಮೇಲೆತ್ತಿದ್ದು ನಿಜ. ಅದೇ ಹಂಬಲ ಅದನ್ನು ಸ್ಟುಡಿಯೋದೊಳಗೆ ಕೂಡಿಹಾಕಿತು. ಉಳಿದವರು ತಮ್ಮ ತಮ್ಮ ಸಂಗೀತ ಮಾಡತೊಡಗಿದರು. ಹಿದೆ ಒಬ್ಬರೇ ದೊಡ್ಡ ತಾರೆಯಾದರು. ತೋಶಿ ಒಂದು ಆತ್ಮವಿಕಾಸ ತರಬೇತಿ ಗುಂಪಿನ ಹಿಡಿತಕ್ಕೆ ಸಿಕ್ಕರು. ವೈಭವದ ಬದುಕು ತನಗೆ ತೃಪ್ತಿ ಕೊಡುತ್ತಿಲ್ಲ, ಸರಳ ಬದುಕು ಬೇಕು ಎಂಬುದು ಹೊರಡುವಾಗ ಅವರು ಕೊಟ್ಟ ಕಾರಣ. ತಾನು ಮೋಸಹೋದೆ ಎಂದು ಅವರೇ 2010ರಲ್ಲಿ ಬಹಿರಂಗವಾಗಿ ಹೇಳಿದರು. ನೀವು ಇದನ್ನು ‘ಗೆಳೆಯನ ದ್ರೋಹ’ ಎಂದು ಕರೆದಿದ್ದೀರಿ. ಆ ಪದವನ್ನು ನಾನು ಅಚ್ಚಿಗೆ ಬಿಡುವುದಿಲ್ಲ. ದಣಿದ ಮನುಷ್ಯನೊಬ್ಬ ತಪ್ಪು ಬಾಗಿಲು ತಟ್ಟಿದರೆ ಅದು ದ್ರೋಹವಾಗುವುದಿಲ್ಲ. ನಿಮ್ಮ ಬರಹ ಬ್ಯಾಂಡ್ ಕುರಿತ 2016ರ ಸಾಕ್ಷ್ಯಚಿತ್ರವನ್ನೇ ನೆಚ್ಚಿಕೊಂಡಂತೆ ಕಾಣುತ್ತದೆ. ಅದರ ಕೇಂದ್ರದಲ್ಲಿರುವವರು ಯೋಶಿಕಿ. ತೋಶಿ ತಮ್ಮ ಅನುಭವವನ್ನು 2014ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಅವರ ಕಡೆಯ ಮಾತನ್ನೂ ಕೇಳಿಸಿಕೊಂಡು ಬರೆಯಿರಿ.

ಕೊನೆಯ ಕಛೇರಿಯಲ್ಲಿ, ‘ಫಾರೆವರ್ ಲವ್’ ಹಾಡಿನ ನಡುವೆ ಯೋಶಿಕಿ, ತೋಶಿ ಇಬ್ಬರೂ ವೇದಿಕೆಯ ಮೇಲೆ ತಬ್ಬಿಕೊಂಡರು. ಅಂದೇ ರಾತ್ರಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವರ್ಷಾಂತ್ಯದ ಹಾಡಿನ ಕಾರ್ಯಕ್ರಮದಲ್ಲಿ ಮತ್ತೆ ಅದೇ ಹಾಡನ್ನು ನುಡಿಸಿ ಬೇರೆಯಾದರು. ಇದನ್ನು ಬರೆಯುವಾಗ ಕಣ್ಣೀರಿನ ವರ್ಣನೆ ಬೇಡ. ನಡೆದದ್ದನ್ನು ಹೇಳಿದರೆ ಸಾಕು.

ಹಿದೆಯವರ ಸಾವಿನ ರೀತಿಯನ್ನು ವಿವರಿಸುವ ಎಂಟು ಸಾಲುಗಳನ್ನು ನಾನೇ ಹೊಡೆದುಹಾಕಿದ್ದೇನೆ, ಅವು ಮರಳಿ ಬರಬಾರದು. ಪೊಲೀಸರು ಅದನ್ನು ಆತ್ಮಹತ್ಯೆ ಎಂದರು, ಜತೆಗಾರರು ಆಕಸ್ಮಿಕವೆಂದು ನಂಬಿದರು: ಇಷ್ಟು ಸಾಕು. ಆ ಸಾವಿನ ಹಿಂದೆಯೇ ಕೆಲವು ಎಳೆಯ ಅಭಿಮಾನಿಗಳು ಪ್ರಾಣ ಬಿಟ್ಟರು ಎಂಬುದನ್ನು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ನಮ್ಮ ಎಚ್ಚರ ಇನ್ನೂ ಹೆಚ್ಚಿರಬೇಕು. ತ್ಸುಕಿಜಿ ಹೊಂಗಾನ್‌ಜಿ ದೇವಾಲಯದ ಅಂತ್ಯಕ್ರಿಯೆಗೆ ಸುಮಾರು 50,000 ಜನ ಸೇರಿದ್ದರ ಬಗ್ಗೆ ಬೇಕಾದಷ್ಟು ಬರೆಯಿರಿ. ಒಬ್ಬ ಗಿಟಾರ್ ವಾದಕ ಆ ಮಕ್ಕಳಿಗೆ ಏನಾಗಿದ್ದ ಎಂಬುದು ಆ ಸಾಲಿನಲ್ಲಿ ನಿಂತವರಿಂದ ತಿಳಿಯುತ್ತದೆ. ಜತೆಗೆ ‘ಶಾಪಗ್ರಸ್ತ ಬ್ಯಾಂಡ್’ ಎಂಬ ಉಪಶೀರ್ಷಿಕೆಯೂ ಹೋಗಲಿ. ಶಾಪ ಎಂದೊಡನೆ ಯಾರ ಹೊಣೆಯನ್ನೂ ಯಾರ ದಣಿವನ್ನೂ ನೋಡುವ ಅಗತ್ಯ ಇಲ್ಲವಾಗುತ್ತದೆ, ನೋಡಬೇಕಾದದ್ದು ಅದನ್ನೇ.

2007ರ ಪುನರ್ಮಿಲನಕ್ಕೆ ಎರಡು ಪುಟ ಕೊಟ್ಟಿದ್ದೀರಿ, ಒಂದು ಪ್ಯಾರಾಕ್ಕೆ ಇಳಿಸಿ. ಆದರೆ 2009ರಲ್ಲಿ ಹಿದೆಯವರ ಜಾಗಕ್ಕೆ ಬಂದ ಸುಗಿಜೊ ಯಾರೆಂದು ಹೇಳಿ: ಎಕ್ಸ್‌ಟಸಿ ಬೆಳೆಸಿದ ಲೂನಾ ಸೀ ಬ್ಯಾಂಡಿನವರು. ತೈಜಿ 2011ರಲ್ಲಿ ತೀರಿಕೊಂಡದ್ದನ್ನು ಬರೆದಿದ್ದೀರಿ. ಹೀತ್ 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಅದು ಬಿಟ್ಟುಹೋಗಿದೆ, ಸೇರಿಸಿ.

ತಿದ್ದಿದ ಪ್ರತಿಯನ್ನು ತತೆಯಾಮಾದ ಆ ಇಬ್ಬರು ಹುಡುಗರಿಂದ ಆರಂಭಿಸಿ ನೇರವಾಗಿ ನನ್ನ ಹೆಸರಿಗೇ ಕಳುಹಿಸಿ. ಪಿಯಾನೊ ಪ್ಯಾರಾದ ಒಂದಕ್ಷರವನ್ನೂ ಬದಲಿಸಬೇಡಿ.

ವಿಶ್ವಾಸದಿಂದ,
ಸಂಪಾದಕ