ಬಸುರಿಗೆ ಎಷ್ಟು ಬಿಸಿ ನೀರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಚ್ಚಲುಮನೆಯಿಂದಲೇ ಎದ್ದು ಬಂದಂತಿದ್ದವು. ಒಂದೇ ತೆರನಾದವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಮುಟ್ಟು ತಪ್ಪಿ ಮೂರು ವಾರವಾಯಿತು. ನಮ್ಮದು ಹಂಡೆ ಒಲೆಯ ನೀರು. ದಿನಾ ಮೈ ಕೆಂಪಾಗುವಷ್ಟು ಬಿಸಿ ಹೊಯ್ದುಕೊಂಡೇ ರೂಢಿ. ಹಾಗೆ ಮಾಡಿದರೆ ಬಸಿರು ನಿಲ್ಲುವುದಿಲ್ಲ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಅತ್ತೆ ಮಾತ್ರ "ನಾವೆಲ್ಲ ಹೆತ್ತಿಲ್ಲವೇ" ಅನ್ನುತ್ತಾರೆ. ಯಾರ ಮಾತು ಕೇಳಲಿ?
— ತೀರ್ಥಹಳ್ಳಿ

ಉತ್ತರ: ನಮ್ಮ ಮತ ನಿಮ್ಮ ಅತ್ತೆಯವರಿಗೆ, ಆದರೆ ಆ "ಮೈ ಕೆಂಪಾಗುವಷ್ಟು" ಬೇಡ. ಮಗುವಿಗೆ ಲೆಕ್ಕಕ್ಕೆ ಬರುವುದು ತಾಯಿಯ ಒಡಲೊಳಗಿನ ಬಿಸಿ. ಅದು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮಗುವಿನದು ಅದಕ್ಕಿಂತ ಅರ್ಧ ಡಿಗ್ರಿಯಷ್ಟು ಹೆಚ್ಚು. ಮಗು ಬೆವರಲಾರದು. ತನ್ನ ಬಿಸಿಯನ್ನು ಅದು ಮಾಸಿನ ಮೂಲಕ ತಾಯಿಯ ರಕ್ತಕ್ಕೇ ದಾಟಿಸಬೇಕು. ತಾಯಿಯ ಒಳಮೈ 39 ಡಿಗ್ರಿ, ಅಂದರೆ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಹಾಗೇ ನಿಂತರೆ ಆ ದಾರಿ ಕಟ್ಟುತ್ತದೆ.

ತಂಬಿಗೆಯಲ್ಲಿ ಸುರಿದುಕೊಂಡ ನೀರು ಮೈಮೇಲಿಂದ ಹರಿದು ಹೋಗುತ್ತದೆ. ಒಂದು ತಂಬಿಗೆಗೂ ಇನ್ನೊಂದಕ್ಕೂ ನಡುವೆ ಚರ್ಮದ ಮೇಲಿನ ನೀರು ಗಾಳಿಗೆ ಆರಿ ಮೈ ತಣಿಯುತ್ತಲೇ ಇರುತ್ತದೆ. ಹದವಾದ ಬಿಸಿಯಲ್ಲಿ ಹತ್ತು ನಿಮಿಷದ ಬಕೆಟ್ ಸ್ನಾನದಿಂದ ಒಳಮೈ 39ಕ್ಕೆ ಏರುವುದಿಲ್ಲ, ಗರ್ಭವೂ ಜಾರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಬಚ್ಚಲಿಗೂ ಅದಕ್ಕೂ ನಂಟಿಲ್ಲ.

ಎಚ್ಚರಿಕೆಗೆ ಕಾರಣ ಬೇರೆ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನರಕೊಳವೆ ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕೊನೆಯ ಮುಟ್ಟಿನಿಂದ ಎಣಿಸಿದರೆ ಅದು ಆರನೇ ವಾರ. ಆ ದಿನಗಳಲ್ಲಿ ತಾಯಿಯ ಮೈ ಬಹಳ ಕಾದರೆ, ಜ್ವರದಿಂದಾದರೂ ಸರಿ, ಕೊಳವೆ ಪೂರ್ತಿ ಮುಚ್ಚದೆ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ನಿಮಗೆ ಈಗ ಏಳನೇ ವಾರ ನಡೆದಿದೆ, ಆ ಘಟ್ಟ ದಾಟಿಯಾಗಿದೆ. ಆದರೂ ಮೊದಲ ಮೂರು ತಿಂಗಳು ಮುಗಿಯುವವರೆಗೆ ಹದ ಮೀರಬೇಡಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿಲ್ಲದಿದ್ದರೆ ಇವತ್ತೇ ಮಾಡಿ. (ಮುಂದಿನ ಮಗುವಿನ ಯೋಚನೆ ಇರುವವರು ಬಸುರಾಗುವ ಮೊದಲೇ ನುಂಗಬೇಕು. ಮುಟ್ಟು ತಪ್ಪಿತೆಂದು ಗೊತ್ತಾಗುವಷ್ಟರಲ್ಲಿ ಕೊಳವೆಯ ಕೆಲಸ ಅರ್ಧ ಮುಗಿದಿರುತ್ತದೆ.)

ಹದ ಎಂದರೆ 37–38 ಡಿಗ್ರಿ. 20 ಲೀಟರ್ ಬಕೆಟ್ಟಿಗೆ, ನಲ್ಲಿ ನೀರು 25 ಡಿಗ್ರಿ ಇದ್ದು ಗೀಸರ್ ನೀರು 60 ಇದ್ದರೆ, ಬಿಸಿ ಏಳೂವರೆ ಲೀಟರ್, ತಣ್ಣೀರು ಹನ್ನೆರಡೂವರೆ. ಹಂಡೆಯ ನೀರು ಕುದಿಯುವ ಹತ್ತಿರ ಬಂದಿದ್ದರೆ ಮೂರೂವರೆ ಲೀಟರಿಗೆ ಹದಿನಾರೂವರೆ ಲೀಟರ್ ತಣ್ಣೀರು ಬೇಕು. ಮಲೆನಾಡಿನ ಚಳಿಗಾಲದಲ್ಲಿ ನಲ್ಲಿ ನೀರೇ ಕೊರೆಯುವಾಗ ಬಿಸಿಯ ಪಾಲು ತುಸು ಹೆಚ್ಚು. ಯಾವಾಗಲೂ ತಣ್ಣೀರು ಮೊದಲು, ಬಿಸಿ ಆಮೇಲೆ. ತಳದವರೆಗೆ ಕಲಕಿ, ಮೊಣಕೈ ಅದ್ದಿ ನೋಡಿ. ಅಡುಗೆ ಮಾಡಿ ಮಾಡಿ ಜಡ್ಡುಗಟ್ಟಿದ ಬೆರಳು ಬಿಸಿಯನ್ನು ಸರಿಯಾಗಿ ಹೇಳುವುದಿಲ್ಲ. ಹಂಡೆಯನ್ನು ನೀವೇ ಬಗ್ಗಿ ಎತ್ತಬೇಡಿ. ಒಲೆ ಹೊಗೆಯಾಡುತ್ತಿರುವಾಗ ಬಾಗಿಲು ಮುಚ್ಚಿಕೊಂಡು ಕೂರಬೇಡಿ.

ಪ್ರಶ್ನೆ: ನನಗೆ 20 ವಾರ. ಮನೆಯಲ್ಲಿ ಬಾತ್‌ಟಬ್ ಇದೆ, ಅಪಾರ್ಟ್‌ಮೆಂಟಿನ ಕ್ಲಬ್ಬಿನಲ್ಲಿ ಹಾಟ್ ಟಬ್ ಮತ್ತು ಸೌನಾ (ಬಿಸಿಗಾಳಿಯ ಕೋಣೆ). ಸೊಂಟನೋವಿಗೆ ಬಿಸಿನೀರು ಹಾಯೆನಿಸುತ್ತದೆ. ಯಾವುದು ಸರಿ?
— ನ್ಯೂಜೆರ್ಸಿ

ಉತ್ತರ: ಮನೆಯ ಟಬ್ ಸರಿ, ಉಳಿದೆರಡು ಹೆರಿಗೆಯ ನಂತರಕ್ಕಿರಲಿ. ತಂಬಿಗೆ ಸ್ನಾನಕ್ಕೂ ಟಬ್ಬಿಗೂ ಇರುವ ವ್ಯತ್ಯಾಸ ಇಲ್ಲೇ. ಕುತ್ತಿಗೆವರೆಗೆ ಮುಳುಗಿದವರ ಬೆವರು ಆರುವುದಕ್ಕೆ ಜಾಗವೇ ಇಲ್ಲ. ನೀರು ಮೈಗಿಂತ ಬಿಸಿಯಿದ್ದರೆ ಶಾಖ ಒಳಗೇ ಹೋಗುತ್ತದೆ. ಮನೆಯ ಟಬ್ಬಿನ ನೀರು ತಾನಾಗಿ ಆರುತ್ತಾ ಬರುತ್ತದೆ. ಹಾಟ್ ಟಬ್ಬಿನ ಹೀಟರ್ ಅದನ್ನು 40 ಡಿಗ್ರಿಯಲ್ಲೇ ಹಿಡಿದಿಟ್ಟಿರುತ್ತದೆ.

1981ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 39 ಡಿಗ್ರಿ ನೀರಿನಲ್ಲಿ ಹದಿನೈದು ನಿಮಿಷ, 41ರಲ್ಲಿ ಹತ್ತು ನಿಮಿಷ ಕೂತರೂ ಹೆಂಗಸರ ಒಳಮೈ ಅಪಾಯದ ಗೆರೆ ಮುಟ್ಟಲಿಲ್ಲ. ಆಮೇಲಿನ ಅಧ್ಯಯನಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿವೆ. ಜಪಾನಿನ ಬಿಸಿನೀರಿನ ಬುಗ್ಗೆಗಳ ಎಚ್ಚರಿಕೆ ಪಟ್ಟಿಯಲ್ಲಿ ಬಹುಕಾಲ ಇದ್ದ ಗರ್ಭಿಣಿಯರ ಹೆಸರನ್ನು ಅಲ್ಲಿನ ಪರಿಸರ ಸಚಿವಾಲಯ 2014ರಲ್ಲಿ ತೆಗೆದೇಬಿಟ್ಟಿತು. ಹಾಗಿದ್ದರೂ ವೈದ್ಯರು ಹಾಟ್ ಟಬ್ ಬೇಡವೆನ್ನುವುದೇಕೆ? ಅಲ್ಲಿ ಗಡಿಯಾರ ನೋಡಿಕೊಂಡು ಏಳುವವರು ಕಡಿಮೆ, ನೀರಿನ ಬಿಸಿ ನಿಮ್ಮ ಕೈಯಲ್ಲಿಲ್ಲ, ಶುಚಿತ್ವವೂ ನಿಮ್ಮ ಕೈಯಲ್ಲಿಲ್ಲ.

ಟಬ್ಬಿಗೆ ಮಕ್ಕಳ ಸ್ನಾನದ ಥರ್ಮಾಮೀಟರ್ ಒಂದು ತನ್ನಿ. 37–38 ಡಿಗ್ರಿ, ಹತ್ತು–ಹದಿನೈದು ನಿಮಿಷ, ಎದೆ ಮತ್ತು ತೋಳು ನೀರಿನ ಮೇಲೆ. ಹಣೆಯಲ್ಲಿ ಬೆವರು ಒಡೆದರೆ, ಎದೆ ಡವಗುಟ್ಟಿದರೆ ಅಲ್ಲಿಗೆ ಸಾಕು. ನಡುತಿಂಗಳುಗಳಲ್ಲಿ ರಕ್ತದೊತ್ತಡ ಮೊದಲೇ ಇಳಿದಿರುತ್ತದೆ, ಬಿಸಿಗೆ ರಕ್ತನಾಳಗಳು ಇನ್ನಷ್ಟು ಹಿಗ್ಗುತ್ತವೆ; ದಡಕ್ಕನೆ ಎದ್ದರೆ ಕಣ್ಣು ಕತ್ತಲೆ. ಟಬ್ಬಿನ ನೀರು ಹೊರಬಿಟ್ಟು, ಒಂದು ನಿಮಿಷ ಕೂತು, ಆಮೇಲೆ ಹಿಡಿಕೆ ಹಿಡಿದು ಏಳಿ. ರಕ್ತ ಕಾಣಿಸಿಕೊಂಡಾಗ ಅಥವಾ ನೀರುಚೀಲ ಒಡೆದಾಗ ಟಬ್ಬಿಗೆ ಇಳಿಯಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಐದು ತಿಂಗಳು. ಬಾಡಿಗೆ ಮನೆಯ ಸಣ್ಣ ಬಚ್ಚಲಲ್ಲಿ ಗ್ಯಾಸ್ ಗೀಸರ್. ಸ್ನಾನ ಮುಗಿಸುವಷ್ಟರಲ್ಲಿ ತಲೆನೋವು, ವಾಕರಿಕೆ. ಒಮ್ಮೆ ಬವಳಿ ಬಂದು ಗೋಡೆ ಹಿಡಿದು ನಿಂತೆ. ಬಸಿರಿನ ಸುಸ್ತೇ ಇರಬೇಕೆಂದು ಮನೆಯವರ ಮಾತು.
— ಬೆಂಗಳೂರು

ಉತ್ತರ: ಈ ಪುಟದಲ್ಲಿ ನಮ್ಮನ್ನು ನಿಜಕ್ಕೂ ಹೆದರಿಸಿದ ಪತ್ರ ಇದೊಂದೇ. ಇವತ್ತಿನಿಂದ ಆ ಗೀಸರ್ ಹಚ್ಚಬೇಡಿ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಉರಿಯುತ್ತಾ ಆಮ್ಲಜನಕ ಸಾಲದೆ ಬಂದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದಾಗಿನಂಥ ವಾಸನೆ ಇದಕ್ಕಿಲ್ಲ, ಬಣ್ಣವೂ ಇಲ್ಲ. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಗುವಿನ ರಕ್ತಕ್ಕೆ ನಿಧಾನವಾಗಿ ಏರಿ, ಅಲ್ಲಿಂದ ಇನ್ನೂ ನಿಧಾನವಾಗಿ ಇಳಿಯುತ್ತದೆ. ತಾಯಿ ಚೇತರಿಸಿಕೊಂಡಳು ಎಂದುಕೊಳ್ಳುವಾಗಲೂ ಮಗು ಉಸಿರಿಗೆ ಪರದಾಡುತ್ತಿರಬಹುದು.

ಗುರುತು ಹೀಗೆ: ತಲೆನೋವು, ವಾಕರಿಕೆ ಬಚ್ಚಲಲ್ಲಿ ಶುರುವಾಗಿ ಹೊರಗಿನ ಗಾಳಿಗೆ ಬಂದಾಗ ಇಳಿಯುತ್ತವೆಯೇ? ಅದೇ ಬಚ್ಚಲಲ್ಲಿ ಮನೆಯ ಬೇರೆಯವರಿಗೂ ತಲೆ ಭಾರವೇ? ಹೌದಾದರೆ ಗೀಸರನ್ನೇ ಅನುಮಾನಿಸಿ. ಯಾರಾದರೂ ಕುಸಿದರೆ ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ, ಆಮೇಲೆ ಗ್ಯಾಸ್ ಬಂದ್ ಮಾಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ "ಗ್ಯಾಸ್ ಗೀಸರ್" ಎಂಬ ಮಾತನ್ನು ಬಾಯಿಬಿಟ್ಟು ಹೇಳಲೇಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿಗೆ ಈ ಅನಿಲದ ವ್ಯತ್ಯಾಸ ತಿಳಿಯದು, 98 ಅಂತಲೇ ತೋರಿಸಬಹುದು. ರಕ್ತ ಪರೀಕ್ಷೆಯೇ ಬೇಕು. ಬಸುರಿಗೆ ಆಮ್ಲಜನಕವನ್ನೂ ಹೆಚ್ಚು ಹೊತ್ತು ಕೊಡಬೇಕಾಗುತ್ತದೆ.

ಗೀಸರ್ ಮತ್ತು ಸಿಲಿಂಡರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಮನೆ ಮಾಲೀಕರು ಒಪ್ಪುವವರೆಗೆ ಅಡುಗೆಮನೆಯಲ್ಲಿ ಕಾಯಿಸಿದ ನೀರನ್ನು ಬೇರೆಯವರು ಬಚ್ಚಲಿಗೆ ತಂದಿಡಲಿ. ಬಾಗಿಲಿಗೆ ಚಿಲಕ ಹಾಕಬೇಡಿ.

ಪ್ರಶ್ನೆ: ಎಂಟು ತಿಂಗಳು. ಹೊಟ್ಟೆಯೆಲ್ಲ ತುರಿಕೆ. ಎಣ್ಣೆಸ್ನಾನ ಮಾಡಬಹುದೇ?
— ದಾವಣಗೆರೆ

ಉತ್ತರ: ಮಾಡಿ, ಆದರೆ ಉಗುರುಬೆಚ್ಚನೆ ನೀರಿನಲ್ಲಿ. ಬಿಸಿ ಹೆಚ್ಚಿದಷ್ಟೂ ಚರ್ಮ ಒಣಗಿ ತುರಿಕೆ ಕೆರಳುತ್ತದೆ. ಕೊಬ್ಬರಿ ಎಣ್ಣೆ ಮೈಗೆ ಮಾತ್ರ ಸಾಕು, ಅಂಗಾಲಿಗೆ ಬೇಡ. ಕಡಲೆಹಿಟ್ಟು, ಸೀಗೆಪುಡಿ ಬಿದ್ದ ನೆಲ ಜಾರುತ್ತದೆ. ಎತ್ತರದ ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಿ. ಅಂಗೈ ಅಂಗಾಲುಗಳಲ್ಲಿ, ಗಂದೆಯಿಲ್ಲದೆ, ರಾತ್ರಿ ಹೊತ್ತು ಹೆಚ್ಚಾಗುವ ತುರಿಕೆಯಾದರೆ ಎಣ್ಣೆಯ ಮಾತು ಬಿಟ್ಟು ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ. ಅದು ಪಿತ್ತಜನಕಾಂಗದ ತೊಂದರೆಯಿರಬಹುದು, ರಕ್ತದಲ್ಲಿ ಪಿತ್ತಾಮ್ಲ ನೋಡಿಸಬೇಕು.

ಪ್ರಶ್ನೆ: ಜ್ವರ ಬಂದಾಗ ಬಿಸಿನೀರು ಹೊಯ್ದು ಕಂಬಳಿ ಹೊದೆಸಿ ಬೆವರಿಳಿಸುವುದು ಬಸುರಿಗೂ ಆಗುತ್ತದೆಯೇ?
— ಶಿರಸಿ

ಉತ್ತರ: ಬೇಡವೇ ಬೇಡ. ಕಾದ ಮೈಯನ್ನು ಇನ್ನಷ್ಟು ಕಾಯಿಸಿದಂತಾಗುತ್ತದೆ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಂದು ಮಾತ್ರೆ, ತೆಳು ಬಟ್ಟೆ, ಬೇಕಾದಷ್ಟು ನೀರು, ಅದೇ ದಿನ ವೈದ್ಯರು.

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ ಹತ್ತು ದಿನ. ಬಾಣಂತಿಗೆ ಸುಡುಸುಡು ನೀರು ಹೊಟ್ಟೆಗೆ ರಪರಪನೆ ಹೊಡೆದು ಎರೆಯಬೇಕು, ಮಂಚದ ಕೆಳಗೆ ಕೆಂಡ ಇಡಬೇಕು ಎನ್ನುತ್ತಾರೆ.
— ಗದಗ

ಉತ್ತರ: ಬೆಚ್ಚನೆ ನೀರು ಎರೆಯಿರಿ, ಹೊಡೆಯಬೇಡಿ. ಗಾಯದ ಸುತ್ತ ಚರ್ಮ ಕೆಲವು ತಿಂಗಳು ಜೋಮು ಹಿಡಿದಂತಿರುತ್ತದೆ. ಸುಟ್ಟರೂ ಮಗಳಿಗೆ ಗೊತ್ತಾಗದು, ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಆ ಭಾಗದ ಮೇಲೆ ನೀರು ಹರಿದು ಹೋದರೆ ಸಾಕು, ಆಮೇಲೆ ಮೆತ್ತನೆಯ ಒಣಬಟ್ಟೆಯಿಂದ ಒತ್ತಿ ಒರೆಸಿ. ಕೆಂಪು, ಕೀವು, ಜ್ವರ ಕಂಡರೆ ಕಾಯಬೇಡಿ. ಕೆಂಡದ ಅಗ್ಗಿಷ್ಟಿಕೆಯಿಂದಲೂ ಬೆಂಗಳೂರಿನವರಿಗೆ ಹೇಳಿದ ಅನಿಲವೇ ಹೊರಡುತ್ತದೆ, ಕೋಣೆಯಲ್ಲಿ ಎಳೆಗೂಸು ಬೇರೆ ಇದೆ, ಮನೆಯೊಳಗೆ ತರಲೇಬೇಡಿ. ಸ್ನಾನವಾದ ಮೇಲೆ ಬಾಣಂತಿಗೆ ಎರಡು ಲೋಟ ನೀರು ಕುಡಿಯಲು ಕೊಡಿ. ನೀರು ಕೊಟ್ಟರೆ ಹೊಟ್ಟೆ ಬರುತ್ತದೆಂದು ತಡೆಯುವ ಮನೆಗಳು ಇನ್ನೂ ಇವೆ.