ಕ್ರೀಡಾ ವರದಿಗಾರ ರೇಡಿಯೊಗೆ ಹೋಗಬೇಕಾದರೆ ದನಿ ಪಳಗಿಸಿಕೊಳ್ಳಬೇಕೆ?

ಚಿಕ್ಕಮಗಳೂರಲ್ಲಿ ಪತ್ರಿಕೆಗೆ ಎಂಟು ವರ್ಷ ಕ್ರೀಡಾ ವರದಿ, ರೇಡಿಯೊ ಆಸೆ, ದನಿಯ ಬಗ್ಗೆ ಅಳುಕು ಅಂತ ಬರೆದಿದ್ದೀರಿ. ಹಾಸನದಲ್ಲಿ ನಾನೂ ಹೀಗೇ ಇದ್ದೆ. ಆರು ತಿಂಗಳು ಬೆಳಗ್ಗೆದ್ದು ದನಿ ತಿದ್ದಿಕೊಂಡೆ. ಕೈಕೊಟ್ಟದ್ದು ದನಿಯಲ್ಲ.

ಮೊದಲ ನೇರ ವೀಕ್ಷಕ ವಿವರಣೆ ಒಂದು ಹೊನಲು ಬೆಳಕಿನ ಕಬಡ್ಡಿ ಫೈನಲ್. ಇಪ್ಪತ್ತು ನಿಮಿಷದ ಮೊದಲರ್ಧ ಪೂರ್ತಿ ಮಾತಾಡಿದೆ. ದಾಳಿಗೆ ಹೋದ ರೇಡರ್ ಬೋನಸ್ ಗೆರೆಯಾಚೆ ಕಾಲು ಚಾಚಿದ್ದು, ಮೂಲೆ ಕಾಯುವ ಕಾರ್ನರ್‌ನವನು ನೆಲಕ್ಕೆ ಬಿದ್ದು ಕಣಕಾಲು ಹಿಡಿದದ್ದು, ಎಲ್ಲ ಹೇಳಿದೆ. ವಿರಾಮದಲ್ಲಿ ಅಪ್ಪ ಫೋನ್ ಮಾಡಿದರು: "ಎಲ್ಲಾ ಚೆನ್ನಾಗೇ ಹೇಳ್ದೆ ಕಣೋ. ಮುಂದಿರೋರು ಯಾರು?"

ಅಂಕ ಹೇಳಿದ್ದು ಎರಡೇ ಸಲ! ಎಡವಿದ್ದು ಎಲ್ಲಿ ಅಂದರೆ, ನಾವು ಬರೆಯುವುದು ಪಂದ್ಯ ಮುಗಿದ ಮೇಲೆ. ಗೆದ್ದವರು ಯಾರು ಅನ್ನೋದು ತಲೆಬರಹದಲ್ಲೇ ಇರುತ್ತೆ. ಓದುಗ ಮರೆತರೆ ಕಣ್ಣು ಮೇಲಕ್ಕೆ ಹಾಯಿಸುತ್ತಾನೆ. ಕೇಳುಗನಿಗೆ ಆ ಸೌಕರ್ಯವಿಲ್ಲ. ಬೇಲೂರು ಬಸ್ಸಿನಲ್ಲಿ ಈಗಷ್ಟೇ ರೇಡಿಯೊ ಹಾಕಿದವನಿಗೆ ಹಿಂದಿನ ಮಾತು ಇಲ್ಲವೇ ಇಲ್ಲ. ಸ್ಕೋರ್‌ಬೋರ್ಡ್ ನನ್ನ ಕಣ್ಣೆದುರೇ ಇತ್ತು, ಹಾಗಾಗಿ ಎಲ್ಲರಿಗೂ ಕಾಣುತ್ತಿದೆ ಅಂದುಕೊಂಡುಬಿಟ್ಟೆ. ಕಬಡ್ಡಿಯಲ್ಲಂತೂ ಒಂದು ರೇಡ್‌ಗೆ ಮೂವತ್ತೇ ಸೆಕೆಂಡು. ಅಂಗಳದಲ್ಲಿ ಮೂವರೇ ಉಳಿದಿದ್ದಾರೆ ಅಂತ ಹೇಳದಿದ್ದರೆ ಸೂಪರ್ ಟ್ಯಾಕಲ್ (ಮೂವರೋ ಅದಕ್ಕಿಂತ ಕಡಿಮೆಯೋ ಇದ್ದಾಗ ರೇಡರನ್ನು ಹಿಡಿದರೆ ಒಂದಂಕ ಹೆಚ್ಚು) ಯಾಕೆ ದೊಡ್ಡದು ಅನ್ನೋದೇ ಕೇಳುಗನಿಗೆ ತಿಳಿಯದು. ಆಟದ ಚೆಂದ ಹೇಳಿ ಆಟವನ್ನೇ ಬಿಟ್ಟಿದ್ದೆ. ಆಮೇಲೆ ಎರಡು ವರ್ಷ ನನಗೆ ಕ್ರೀಡಾ ಸುದ್ದಿ ಓದುವ ಕೆಲಸವಷ್ಟೇ ಸಿಕ್ಕಿತು, ಮೈದಾನಕ್ಕೆ ಕಳಿಸಲಿಲ್ಲ. ಅದು ನ್ಯಾಯವೇ. ಈಗಲೂ ಮೈಕಿನ ಪಕ್ಕ ರಟ್ಟಿನ ತುಂಡು ನಿಲ್ಲಿಸಿಕೊಳ್ಳುತ್ತೇನೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ಅಂಕ ಎಷ್ಟು?"

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ. ದನಿ ಇದ್ದ ಹಾಗೇ ಇರಲಿ, ಬರೆಯೋ ಅಭ್ಯಾಸ ಬಿಡಿಸಿಕೊಳ್ಳಿ. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನಿಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಹೊಡೆದರಲ್ಲ, ಪತ್ರಿಕೆಗೆ ಆ ಒಂದು ಸಾಲು ಸಾಕು. ರೇಡಿಯೊದಲ್ಲಿ ಮೂವತ್ತನೇ ರನ್ನಿನಲ್ಲಿ ಇದ್ದಾಗ ಎಪ್ಪತ್ತು ಗೊತ್ತಿರಲ್ಲ. ಈ ಎಸೆತ, ಈ ಮೊತ್ತ, ಉಳಿದ ಓವರ್, ಅಷ್ಟೇ.

ಕೆಲಸ ಮಾತ್ರ ಬಿಡಬೇಡಿ. ಆಕಾಶವಾಣಿಯಲ್ಲಿ ಹಂಗಾಮಿ ಉದ್ಘೋಷಕರಾದರೆ ಸಾಮಾನ್ಯವಾಗಿ ತಿಂಗಳಿಗೆ ಆರು ಡ್ಯೂಟಿ, ಅದರಲ್ಲಿ ಮನೆ ನಡೆಯಲ್ಲ. ಇವತ್ತು ರಾತ್ರಿ ಟಿವಿ ದನಿ ಪೂರ್ತಿ ತಗ್ಗಿಸಿ, ಹತ್ತು ನಿಮಿಷ ಪಂದ್ಯ ನೋಡ್ತಾ ಫೋನಿಗೆ ಮಾತಾಡಿ. ಪಂದ್ಯ ನೋಡದ ಯಾರಿಗಾದರೂ ಅದನ್ನು ನಡುವಿನಿಂದ ಕೇಳಿಸಿ, ಎಷ್ಟಾಗಿದೆ ಅಂತ ಕೇಳಿ ನೋಡಿ.